ಮುಳು ಪರೀಕ್ಷೆಯ ಅಕ್ಕ

ಪರೀಕ್ಷೆಗೆ ಓದಿಸುವುದೆಂದರೆ ಅಕ್ಕ ಮೊದಲು ಮಾಡುತ್ತಿದ್ದ ಕೆಲಸ ನಮ್ಮ ಉಗುರು ಕತ್ತರಿಸುವುದು. ಮಾರ್ಚ್ ತಿಂಗಳ ಮೊದಲ ಭಾನುವಾರ ಬೀದಿಯ ಮಕ್ಕಳನ್ನೆಲ್ಲ ತಮ್ಮ ಮನೆಯ ಜಗುಲಿಗೆ ಕರೆದು ಸಾಲಾಗಿ ಕೂರಿಸುತ್ತಿದ್ದರು. ಒಬ್ಬೊಬ್ಬರ ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ಮಗ್ಗದ ನೂಲು ಕತ್ತರಿಸುವ ಸಣ್ಣ ಕತ್ತರಿಯಿಂದ ಹತ್ತೂ ಬೆರಳಿನ ಉಗುರು ತೆಗೆಯುತ್ತಿದ್ದರು.

“ಉಗುರು ಉದ್ದ ಐತೆ ಅಂದ್ರೆ ಪೆನ್ಸಿಲ್ಲು ಸರ್ಯಾಗಿ ಕೂರಲ್ಲ. ಪೆನ್ಸಿಲ್ಲು ಕೂರ್ನಿಲ್ಲ ಅಂದ್ರೆ ಅಕ್ಸರಾನೂ ಕೂರಲ್ಲ,” ಎನ್ನುತ್ತಿದ್ದರು. ಇದು ಎಷ್ಟು ನಿಜವೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಉಗುರು ತೆಗೆಸಿಕೊಂಡು ಎದ್ದ ಮೇಲೆ ಇನ್ನು ತಪ್ಪಿಸಿಕೊಳ್ಳುವಂತಿಲ್ಲ, ವರ್ಷದ ಕೊನೆ ಬಂತು ಎಂಬುದು ನಮಗೆಲ್ಲ ಖಚಿತವಾಗುತ್ತಿತ್ತು.

ನಮ್ಮ ಕಡೆ ಡಿಸೆಂಬರಿನ ಪರೀಕ್ಷೆಗೆ ಅರೆ ಪರೀಕ್ಷೆ ಎಂದೂ ಏಪ್ರಿಲಿನದಕ್ಕೆ ಮುಳು ಪರೀಕ್ಷೆ ಎಂದೂ ಹೆಸರು. ಮುಳು ಎಂದರೆ ತಮಿಳಿನಲ್ಲಿ ಪೂರ್ತಿ. ಆ ಪರೀಕ್ಷೆಯ ಮುಂಚಿನ ಆರು ವಾರ, ಶಾಲೆ ಬಿಟ್ಟ ಹೊತ್ತಿನಿಂದ ದೀಪ ಹಚ್ಚುವ ತನಕ ನಾವು ಆ ಜಗುಲಿಯಲ್ಲೇ ಇರುತ್ತಿದ್ದೆವು. ನಾನು ಮೂರನೇ ತರಗತಿಯಿಂದ ಐದರವರೆಗೆ ಅಲ್ಲಿ ಕೂತವಳು. ಆಗ ಅವರಿಗೆ ಮೂವತ್ತು ದಾಟಿರಲಿಲ್ಲ. ನಮ್ಮಮ್ಮನೂ ಅವರನ್ನು ಅಕ್ಕ ಎನ್ನುತ್ತಿದ್ದಳು, ನಾನೂ ಅಕ್ಕ ಎನ್ನುತ್ತಿದ್ದೆ, ನಾನು ದೊಡ್ಡವಳಾದ ಮೇಲೆ ಅಲ್ಲಿ ಕೂತ ಮಕ್ಕಳೂ ಅಕ್ಕ ಎಂದೇ ಕರೆದರು.

ಅವರು ಟೀಚರಾಗಿರಲಿಲ್ಲ. ತಮಿಳುನಾಡಿನ ಸೇಲಂ ಹತ್ತಿರದ ತಾರಮಂಗಲಂ ದಾಟಿದ ಮೇಲೆ ಸಿಗುವ ನಮ್ಮ ನೇಕಾರರ ಬೀದಿಯಲ್ಲಿ ಎಲ್ಲ ಹೆಂಗಸರ ಹಾಗೆ ಅವರೂ ರಾಟೆಯ ಮುಂದೆ ಕೂತು ಗಂಡನ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದವರು. ಹತ್ತನೇ ತರಗತಿಯಲ್ಲಿ ಲೆಕ್ಕದಲ್ಲಿ ಎರಡು ಅಂಕ ಕಡಿಮೆಯಾಗಿ ಫೇಲಾಗಿದ್ದರು. ಇನ್ನೊಂದು ಸಲ ಕೂರುವ ಮೊದಲೇ ಮದುವೆಯಾಯಿತು. ಅದನ್ನು ಮುಚ್ಚಿಡುತ್ತಿರಲಿಲ್ಲ. “ಎಲ್ಡು ಮಾರ್ಕು ಲೇ,” ಎಂದು ಎರಡು ಬೆರಳು ಎತ್ತಿ ತೋರಿಸುತ್ತಿದ್ದರು. “ಒಂದು ಲೆಕ್ಕದಾಗೆ ಕೊನೇ ಸಾಲು ಬರ್ದಿದ್ರೆ ಬಂದಿರೋದು. ಗೊತ್ತಿತ್ತು ನಂಗೆ. ಭಯಕ್ಕೆ ಬುಟ್ಬುಟ್ಟೆ.” ಆ ಕೊನೆಯ ಸಾಲನ್ನು ನಮ್ಮಿಂದ ಬರೆಸುವುದೇ ತಮ್ಮ ಕೆಲಸ ಎಂದುಕೊಂಡಂತಿತ್ತು.

ನಮಗೆ ಅವರು ಯಾಕೆ ಬೇಕಾಗಿತ್ತು ಎಂಬುದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಬೀದಿಯಲ್ಲಿ ಮನೆಮಾತು ಕನ್ನಡ, ಶಾಲೆ ತಮಿಳು. ಆಟದ ತಮಿಳು, ಅಂಗಡಿಯ ತಮಿಳು ನಮಗೆಲ್ಲ ಚೆನ್ನಾಗಿ ಬರುತ್ತಿತ್ತು. ಆದರೆ ಪುಸ್ತಕದ ತಮಿಳು ಬೇರೆ. ಅದನ್ನು ಟೀಚರು ಓದಿದಾಗ ತಲೆಯಾಡಿಸುತ್ತಿದ್ದೆವು, ಅಷ್ಟೆ. ಅಕ್ಕ ಆ ಪ್ರಶ್ನೆಯನ್ನು ಕೈಗೆತ್ತಿಕೊಂಡು ನಮ್ಮ ಮಾತಿಗೆ ತಿರುಗಿಸುತ್ತಿದ್ದರು. ನೀರು ಆವಿಯಾಗಿ ಮಳೆಯಾಗುವ ಪಾಠವನ್ನು ಹೇಳಿಕೊಡಲು ಒಲೆಯ ಮೇಲಿನ ಅನ್ನದ ಪಾತ್ರೆಯ ತಟ್ಟೆ ಎತ್ತಿ, ಅದರ ಅಡಿಯ ಹನಿಗಳನ್ನು ನಮ್ಮ ಅಂಗೈಗೆ ಬೀಳಿಸಿ, “ಇದೇ ಮಳೆ. ಈಗ ತಮಿಳ್ನಾಗೆ ಏಳು,” ಎನ್ನುತ್ತಿದ್ದರು. ಭಿನ್ನರಾಶಿಗೆ ದೋಸೆ ಹರಿಯುತ್ತಿದ್ದರು. ತಪ್ಪು ಹೇಳಿದವರಿಗೆ ತಿನ್ನಲು ತುಂಡು ಸಿಗುತ್ತಿರಲಿಲ್ಲ ಎಂದು ಯಾರಾದರೂ ಅಂದುಕೊಂಡರೆ ಅದು ತಪ್ಪು. ತಪ್ಪು ಹೇಳಿದವರಿಗೆ ಇನ್ನೊಂದು ದೋಸೆ ತಂದು ಮತ್ತೆ ಹರಿಯುತ್ತಿದ್ದರು, ಹಾಗಾಗಿ ಲೆಕ್ಕ ಬಾರದವರಿಗೇ ಹೊಟ್ಟೆ ತುಂಬುತ್ತಿತ್ತು.

ಪರೀಕ್ಷೆಗೆ ಎರಡು ದಿನ ಇರುವಾಗ ಅವರೇ ಒಂದು ಪರೀಕ್ಷೆ ಇಡುತ್ತಿದ್ದರು. ಆ ದಿನ ಸೀರೆಯ ಮೇಲೆ ಗಂಡನ ಬಿಳಿ ಅಂಗಿ ತೊಟ್ಟು, ಕೈಯಲ್ಲಿ ಅಡಿಕೋಲು ಹಿಡಿದು, ಆಫೀಸರಂತೆ ಗಂಟಲು ದಪ್ಪ ಮಾಡಿಕೊಂಡು ಸಾಲುಗಳ ನಡುವೆ ಓಡಾಡುತ್ತಿದ್ದರು. “ಯಾರ್ ಅಂಗೆ ತಿರುಂಬಿ ಪಾಕ್ಕಿರದು?” ಎಂದು ತಮಿಳಿನಲ್ಲಿ ಗದರುತ್ತಿದ್ದರು, ಯಾರು ಅಲ್ಲಿ ತಿರುಗಿ ನೋಡುತ್ತಿರುವುದು ಎಂದು. ನಾವು ನಕ್ಕು ನಕ್ಕು ಸುಸ್ತಾಗುತ್ತಿದ್ದೆವು. ಒಳಗೆ ಮಗ್ಗದಲ್ಲಿದ್ದ ಅವರ ಗಂಡ ಮಾತು ಕಡಿಮೆಯ ಮನುಷ್ಯ. ಆ ಒಂದು ಗಂಟೆ ಸದ್ದಾಗಬಾರದೆಂದು ಲಾಳಿ ಓಡಿಸುವುದನ್ನೇ ನಿಲ್ಲಿಸಿ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ನಿಜವಾದ ಪರೀಕ್ಷೆಯ ದಿನ ನಿಜವಾದ ಆಫೀಸರು ಬಂದಾಗ ನಮಗೆ ಭಯದ ಬದಲು ಅಕ್ಕನ ಅಂಗಿ ನೆನಪಾಗುತ್ತಿತ್ತು. ಅವರಿಗೆ ಬೇಕಾಗಿದ್ದುದೂ ಅದೇ ಇರಬೇಕು. “ಗೊತ್ತಿಲ್ಲ ಅಂದ್ರೆ ಜಾಗ ಬುಟ್ಟು ಮುಂದುಕ್ಕೆ ಓಗು. ಕಾಗ್ದ ಏನು ನಿನ್ನ ಬೈಯಲ್ಲ,” ಎಂದು ಹೇಳಿ ಕಳಿಸುತ್ತಿದ್ದರು.

ನಾನು ಓದಿ ಟೀಚರಾದೆ. ಧರ್ಮಪುರಿ ಕಡೆ ಕೆಲವು ವರ್ಷ ಕೆಲಸ ಮಾಡಿ, ತೊಪ್ಪೂರು ಘಾಟಿಯನ್ನು ಬಸ್ಸಿನಲ್ಲಿ ಹತ್ತಿ ಇಳಿದು ಸಾಕಾಗಿ, ಕೊನೆಗೆ ನಮ್ಮ ಬೀದಿಯ ಪಕ್ಕದ ಯೂನಿಯನ್ ಶಾಲೆಗೇ, ಅಂದರೆ ಸರ್ಕಾರಿ ಪ್ರೈಮರಿ ಶಾಲೆಗೇ, ವರ್ಗವಾಗಿ ಬಂದೆ. ಹೆಡ್‌ಮಾಸ್ಟರು ಮತ್ತು ನಾನು, ಇಬ್ಬರೇ. ಅಂದಿನಿಂದ ಅಕ್ಕ ನನ್ನನ್ನು ಪಾಪಾ ಎನ್ನುವುದನ್ನು ಬಿಟ್ಟು ಟೀಚರಮ್ಮಾ ಎನ್ನತೊಡಗಿದರು. ಬೇಡವೆಂದರೂ ಕೇಳಲಿಲ್ಲ. “ನೀನು ಓದಿ ಪಡ್ದಿರೋದು, ನಾನ್ಯಾಕೆ ಬುಡ್ಲಿ?” ಎಂದರು.

ಬಂದ ಮೊದಲ ವರ್ಷವೇ ಅವರಿಗೆ ಒಂದು ಮಾತು ಹೇಳಿದೆ. ದೊಡ್ಡ ಜಾಣೆಯ ಹಾಗೆ ಹೇಳಿದೆ.

“ಅಕ್ಕಾ, ಈಗ ಪ್ರೈಮರಿಯಾಗೆ ಯಾರ್ನೂ ಫೇಲ್ ಮಾಡಂಗಿಲ್ಲ. ಬಂದ್ರೂ ಪಾಸು, ಬರ್ನಿಲ್ಲ ಅಂದ್ರೂ ಪಾಸು. ನೀನ್ಯಾಕೆ ಇಷ್ಟು ಒದ್ದಾಡ್ತೀಯ?”

ಅವರು ರಾಟೆ ನಿಲ್ಲಿಸಿ ನನ್ನನ್ನೇ ನೋಡಿದರು. “ಫೇಲು ಮಾಡಲ್ಲ ಅಂದ್ರೆ? ಅಂಗಾದ್ರೆ ಅವ್ಕೆ ಬಂತೋ ಇಲ್ವೋ ಅಂತ ಯಾರು ನೋಡ್ತಾರೆ ಟೀಚರಮ್ಮಾ?”

ಯಾರೂ ನೋಡುತ್ತಿರಲಿಲ್ಲ. ನಾವು ಅಂಕಿಗಳನ್ನು ತುಂಬಿ ಮೇಲಕ್ಕೆ ಕಳಿಸುತ್ತಿದ್ದೆವು, ಮಕ್ಕಳನ್ನೂ ಹಾಗೆಯೇ ಮೇಲಕ್ಕೆ ಕಳಿಸುತ್ತಿದ್ದೆವು. ಆರಕ್ಕೋ ಏಳಕ್ಕೋ ಹೋದ ಮೇಲೆ ಓದಲು ಬಾರದೆ ಒಬ್ಬೊಬ್ಬರೇ ಉದುರಿ ವಿದ್ಯುತ್ ಮಗ್ಗದ ಶೆಡ್ಡುಗಳಿಗೆ ಸೇರುತ್ತಿದ್ದರು.

ಆಮೇಲೆ ಕೊರೊನಾ ಬಂತು. ಶಾಲೆ ಮುಚ್ಚಿದ ಆ ದಿನಗಳಲ್ಲಿ ಅಕ್ಕನ ಜಗುಲಿಯೂ ಖಾಲಿ. ಅಷ್ಟು ಹೊತ್ತಿಗೆ ಪಾಠಪುಸ್ತಕಗಳು ಬದಲಾಗಿದ್ದವು. ತಮಿಳುನಾಡಿನ ಜಿಲ್ಲೆಗಳನ್ನು ಒಡೆದು ಹೊಸ ಜಿಲ್ಲೆಗಳನ್ನು ಮಾಡಿದ್ದರು. ಅಕ್ಕನಿಗೆ ಸಕ್ಕರೆ ಕಾಯಿಲೆ ಇರುವುದು ಎಲ್ಲರಿಗೂ ಗೊತ್ತಿತ್ತು. ಶಾಲೆ ತೆರೆದಾಗ ಅವರು ದಪ್ಪ ಗಾಜಿನ ಕನ್ನಡಕ ಹಾಕಿಕೊಂಡಿದ್ದರು. ವಯಸ್ಸಾಯಿತು ಎಂದುಕೊಂಡೆವು.

ಅದಾದ ಎರಡು ವರ್ಷಕ್ಕೆ, ಡಿಸೆಂಬರಿನಲ್ಲಿ, ನಾನು ಐದನೇ ತರಗತಿಯ ಅರೆ ಪರೀಕ್ಷೆಯ ಕಾಗದ ತಿದ್ದುತ್ತಿದ್ದೆ. ಈಚೀಚೆಗೆ ಅಕ್ಕ ಅರೆ ಪರೀಕ್ಷೆಗೂ ಮಕ್ಕಳನ್ನು ಕೂರಿಸತೊಡಗಿದ್ದರು. ತಮಿಳುನಾಡಿನಲ್ಲಿ ಎಷ್ಟು ಜಿಲ್ಲೆಗಳಿವೆ ಎಂಬ ಪ್ರಶ್ನೆಗೆ ಮೂವತ್ತೆಂಟು ಎಂದು ಬರೆಯಬೇಕು. ನಮ್ಮ ಬೀದಿಯ ಹನ್ನೊಂದು ಮಕ್ಕಳೂ ಮೂವತ್ತೆರಡು ಎಂದು ಬರೆದಿದ್ದರು. ಬೇರೆ ಬೀದಿಯ ಮಕ್ಕಳದು ಸರಿಯಾಗಿತ್ತು. ಮುಂದೆ ತಿರುವಿದೆ. ಗಿಡದ ಭಾಗಗಳ ಬಗ್ಗೆ ಕೇಳಿದ್ದಕ್ಕೆ ಹನ್ನೊಂದೂ ಜನ ಒಂದೇ ಸಾಲನ್ನು ಅಕ್ಷರ ಬಿಡದೆ ಬರೆದಿದ್ದರು. ಅದು ಈಗಿನ ಪುಸ್ತಕದಲ್ಲಿಲ್ಲ, ಹಳೆಯ ಪುಸ್ತಕದ ಸಾಲು. ಈಗ ಇಲ್ಲವೇ ಇಲ್ಲದ ಒಂದು ಪದ್ಯವನ್ನೂ ಪೂರ್ತಿ ಬರೆದಿದ್ದರು, ಒಂದು ತಪ್ಪಿಲ್ಲದೆ.

ಆ ತರಗತಿಯಲ್ಲಿ ಸುಧಾ ಎಂಬ ಹುಡುಗಿ ಇದ್ದಳು. ಅವಳ ಅಮ್ಮ ವಿದ್ಯುತ್ ಮಗ್ಗದ ಶೆಡ್ಡಿಗೆ ಹೋಗುತ್ತಿದ್ದಳು. ನಮ್ಮ ಬೀದಿಯ ಆ ಮಕ್ಕಳಲ್ಲಿ ತಾನೇ ತಾನಾಗಿ ಪುಸ್ತಕ ಓದಬಲ್ಲವಳು ಅವಳೊಬ್ಬಳೇ. ಊಟದ ಬಿಡುವಿನಲ್ಲಿ ಅವಳನ್ನು ಕರೆದು ಕಾಗದ ತೋರಿಸಿದೆ.

“ಇದು ಯಾಕೆ ಇಂಗೆ ಬರ್ದೆ? ಪುಸ್ತಕದಾಗೆ ಏನೈತೆ?”

“ಮೂವತ್ತೆಂಟು ಅಂತ ಐತೆ ಟೀಚರ್.”

“ಮತ್ತೆ?”

“ಅಕ್ಕ ಮೂವತ್ತೆರಡು ಅಂದ್ರು.”

“‘ಅಕ್ಕಾ, ಇಲ್ಲ, ಮೂವತ್ತೆಂಟು’ ಅಂತ ಏಳ್ಬೇಕಿತ್ತು ತಾನೆ?”

ಅವಳು ಲಂಗದ ಅಂಚನ್ನು ಹಿಂಡುತ್ತಾ ನಿಂತಳು. “ಏಳುದ್ರೆ ಅಕ್ಕಂಗೆ ಗೊತ್ತಾಗೋಯ್ತದೆ.”

“ಏನು ಗೊತ್ತಾಗ್ತದೆ?”

“ಅವ್ರಿಗೆ ಕಣ್ಣು ಕಾಣಲ್ಲ ಅನ್ನೋದು ನಮ್ಗೆ ಗೊತ್ತು ಅಂತ.”

ಮಕ್ಕಳಿಗೆಲ್ಲ ಗೊತ್ತಿತ್ತು. ಒಂದು ವರ್ಷದಿಂದ ಗೊತ್ತಿತ್ತು. ಮನೆಯಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಸುಧಾ ಇನ್ನೊಂದು ಮಾತು ಹೇಳಿದಳು: “ಸರಿಯಾದ್ದು ಗೊತ್ತಿದ್ರೂವೆ, ಬರಿಯೋವಾಗ ಅಕ್ಕನ ಗಂಟ್ಲೇ ಕೇಳಿಸ್ತದೆ ಟೀಚರ್. ಕೈ ಅದ್ನೇ ಬರೀತದೆ.”

ಅಕ್ಕನಿಗೆ ಹೇಳಿಯೇ ಬಿಡಬೇಕೆಂದು ಮರುದಿನ ಸಂಜೆ ಜಗುಲಿಗೆ ಹೋದೆ. “ಬಾ ಟೀಚರಮ್ಮಾ,” ಎಂದರು, ನನ್ನ ದನಿ ಕೇಳಿದ ಮೇಲೆ. ಚಾಪೆಯ ತುದಿಯಲ್ಲಿ ಕೂತು ನೋಡಿದೆ. ಅಕ್ಕನ ಕೈಯಲ್ಲಿದ್ದುದು ಮೂರನೇ ತರಗತಿಯ ಪುಸ್ತಕ, ಬಾಯಿಪಾಠವಾಗಿ ಹೇಳುತ್ತಿದ್ದುದು ಐದರ ಹಳೆಯ ಪಾಠ. ನಡುನಡುವೆ ಉಸಿರು ತೆಗೆದುಕೊಳ್ಳಲು ನಿಂತಾಗ ಪಕ್ಕದಲ್ಲಿದ್ದ ಮಗು ಮೆಲ್ಲಗೆ ಕೈ ಚಾಚಿ ಅವರ ಪುಸ್ತಕದ ಹಾಳೆ ತಿರುವುತ್ತಿತ್ತು. ಒಂದು ಹುಡುಗಿ ಎದ್ದು, “ಅಕ್ಕಾ, ಕನ್ನಡಕ ಮಂಜಾಗೈತೆ,” ಎಂದು ತೆಗೆದುಕೊಂಡು ಲಂಗದಲ್ಲಿ ಒರೆಸಿ ಮತ್ತೆ ಅವರ ಮೂಗಿನ ಮೇಲಿಟ್ಟಳು. “ಈಗ ಪರವಾಗಿಲ್ಲ,” ಎಂದರು ಅಕ್ಕ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಷ್ಟು ಪಳಗಿದ್ದರು.

ನಾನು ಹೇಳಲಿಲ್ಲ. ಕಾಫಿ ಕುಡಿದು ಎದ್ದು ಬಂದೆ.

ಯಾಕೆ ಹೇಳಲಿಲ್ಲ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಅವರ ಮನಸ್ಸು ನೋಯುತ್ತದೆ ಎಂದುಕೊಂಡದ್ದು ನಿಜ. ಅದಕ್ಕಿಂತ ನಿಜವಾದದ್ದು, ಪ್ರೈಮರಿಯಲ್ಲಿ ಹೇಗೂ ಯಾರೂ ಫೇಲಾಗುವುದಿಲ್ಲವಲ್ಲ, ಏನು ಬರೆದರೆ ಏನಂತೆ ಎಂಬ ಯೋಚನೆ. ಮುಳು ಪರೀಕ್ಷೆ ಮುಗಿಯಲಿ, ಬೇಸಿಗೆ ರಜೆಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದು ಸಮಾಧಾನ ಮಾಡಿಕೊಂಡೆ. ತರಗತಿಯಲ್ಲಿ ಸರಿ ಉತ್ತರಗಳನ್ನು ಮತ್ತೆ ಬರೆಸಿದೆ. ಬರೆದುಕೊಂಡರು.

ಸುಧಾಳ ವಿಷಯ ನನ್ನ ಲೆಕ್ಕದಲ್ಲಿರಲಿಲ್ಲ. ಸೇಲಂ ರಸ್ತೆಯಲ್ಲಿ ಒಂದು ದೊಡ್ಡ ಶಾಲೆ. ಆರನೇ ತರಗತಿಗೆ ಸುತ್ತಲಿನ ಹಳ್ಳಿಗಳಿಂದ ಇಬ್ಬರು ಮೂವರು ಮಕ್ಕಳನ್ನು ಪರೀಕ್ಷೆ ಇಟ್ಟು ಆರಿಸಿ, ಹನ್ನೆರಡರವರೆಗೆ ಅವರೇ ಖರ್ಚು ಹಾಕಿ ಓದಿಸುತ್ತಾರೆ. ನಮ್ಮ ಬೀದಿಯಿಂದ ಯಾರೂ ಅಲ್ಲಿಗೆ ಹೋದದ್ದಿಲ್ಲ. ಸುಧಾಳ ಅಮ್ಮ ಅದನ್ನು ಕೇಳಿ ತಿಳಿದು, ಅರ್ಜಿ ಹಾಕಿ, ನೇರವಾಗಿ ಅಕ್ಕನ ಬಳಿ ಹೋಗಿ, “ಅಕ್ಕಾ, ಇವ್ಳನ್ನ ಎಂಗಾದ್ರೂ ತಯಾರು ಮಾಡ್ಕೊಡು,” ಎಂದಿದ್ದಳು. ಅಕ್ಕ ಮಾರ್ಚಿನುದ್ದಕ್ಕೂ ಅವಳೊಬ್ಬಳನ್ನು ಬೆಳಿಗ್ಗೆ ಬೇರೆ ಕೂರಿಸಿಕೊಂಡರು. ಐದನೇ ತರಗತಿಯ ಪುಸ್ತಕದ ಮೇಲೆಯೇ ಪ್ರಶ್ನೆ ಬರುವುದು. ಇದೆಲ್ಲ ನನಗೆ ಗೊತ್ತಾದದ್ದು ಸುಧಾ ಪರೀಕ್ಷೆ ಬರೆದು ಬಂದ ಮೇಲೆ.

ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಮನೆಯಲ್ಲಿ ಅಪ್ಪ ಬೈದಾಗ ಸುಧಾ ಅಳುತ್ತಾ ಎಲ್ಲ ಹೇಳಿಬಿಟ್ಟಳಂತೆ. ಆ ಸಂಜೆ ಅವಳ ಅಮ್ಮ ಶೆಡ್ಡಿನಿಂದ ಬಂದವಳು ತಲೆಗೂದಲಿನ ಹತ್ತಿಯ ಧೂಳನ್ನೂ ಕೊಡವದೆ ಮಗಳನ್ನು ಕರೆದುಕೊಂಡು ಅಕ್ಕನ ಜಗುಲಿಗೆ ಬಂದಳು. ಗಲಾಟೆ ಕೇಳಿ ನಾನೂ ಓಡಿದೆ.

“ಕಣ್ಣು ಕಾಣ್ದೋರು ಯಾಕಕ್ಕಾ ಪಾಠ ಏಳ್ಬೇಕು? ಕಾಣಲ್ಲ ಅಂತ ಒಂದು ಮಾತು ಏಳಿದ್ರೆ ನಾನು ಬ್ಯಾರೆ ಕಡೆ ಬುಡ್ತಿದ್ನಲ್ಲ. ಒಂದು ಮಗೀನ ಬಾಳು ಐತೆ ಇದ್ರಾಗೆ. ಇದು ನ್ಯಾಯಮಾ? ನೀನೇ ಏಳು, ನ್ಯಾಯಮಾ?”

ಅಕ್ಕ ರಾಟೆಯ ಮುಂದೆ ಕೂತಿದ್ದರು. ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಅವಳು ಮುಗಿಸುವ ತನಕ ಕೇಳಿದರು. ಆಮೇಲೆ ಸುಧಾ ಎಲ್ಲಿದ್ದಾಳೆಂದು ತಿಳಿಯದೆ ಸುಮಾರಾಗಿ ಅಮ್ಮನ ಕಡೆಗೆ ಮುಖ ಮಾಡಿ ಕೇಳಿದರು: “ಎಷ್ಟು ತಪ್ಪಾಯ್ತು ಲೇ ಸುಧಾ? ಯಾವ್ಯಾವ್ದು?”

“ಏನೂ ತಪ್ಪಿಲ್ಲ ಅಕ್ಕಾ,” ಎಂದಳು ಸುಧಾ, ಅಮ್ಮನ ಬೆನ್ನ ಹಿಂದಿನಿಂದ.

“ಏಳು.”

ಅವಳು ಹೇಳಿದಳು. ಒಂದೊಂದಾಗಿ ಹೇಳಿದಳು. ಅಕ್ಕ ಒಂದೊಂದಕ್ಕೂ “ಹ್ಞೂಂ” ಎಂದರು. ಆರೇಳು ಆಗುವ ಹೊತ್ತಿಗೆ ಸುಧಾಳ ಅಮ್ಮನಿಗೇ ತಡೆಯಲಾಗದೆ, “ಸಾಕು, ಬಾ,” ಎಂದು ಮಗಳ ರಟ್ಟೆ ಹಿಡಿದುಕೊಂಡು ಹೊರಟುಹೋದಳು.

ನಾನು ಹತ್ತಿರ ಹೋಗಿ ಕೂತೆ. ಅಕ್ಕ ರಾಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು:

“ನೀನು ಕಾಗ್ದ ತಿದ್ದೋಳು. ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತಕ್ಕಾ.”

“ಯಾವಾಗ್ನಿಂದ?”

“ಅರೆ ಪರೀಕ್ಷೆಯಿಂದ.”

“ಮಕ್ಳು ಏಳ್ನಿಲ್ಲ, ಸರಿ. ಅವು ಮಕ್ಳು,” ಎಂದರು. “ನೀನು ಟೀಚರಲ್ವಾ?”

ಅವರು ನನ್ನನ್ನು ಬೈದದ್ದು ಜೀವನದಲ್ಲಿ ಅದೊಂದೇ ಸಲ. ಅದನ್ನು ಬೈಗುಳ ಎನ್ನಲೂ ಆಗುವುದಿಲ್ಲ.

ಸೇಲಂನ ದೊಡ್ಡಾಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಕಣ್ಣಿಗೆ ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಕೂರಿಸಿ, ಬೆಳಕು ಬಿಟ್ಟು ನೋಡಿದರು. ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆಯಿಂದ ಮಾತಾಡಿದರು. ಸಕ್ಕರೆಯಿಂದ ಕಣ್ಣಿನ ಒಳಪದರ ಹಾಳಾಗಿದೆ, ಎರಡು ಮೂರು ವರ್ಷ ಮುಂಚೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. “ಪೋನದು ಪೋನದುದಾನ್ ಮಾ,” ಎಂದರು. ಹೋದದ್ದು ಹೋದದ್ದೇ.

“ಜೂನ್ ಒಳಗೆ ಓದುವಷ್ಟಾದರೂ ಆಗುತ್ತಾ?” ಎಂದು ಅಕ್ಕ ತಮಿಳಿನಲ್ಲಿ ಕೇಳಿದರು.

ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. ಅದು ಅಕ್ಕನಿಗೆ ಕಾಣಲಿಲ್ಲ. ಉತ್ತರಕ್ಕಾಗಿ ಮುಖವೆತ್ತಿ ಕಾಯುತ್ತಲೇ ಇದ್ದರು. ಕೊನೆಗೆ ನಾನೇ ಅವರ ಭುಜ ಮುಟ್ಟಿ, “ಆಗಲ್ವಂತೆ ಅಕ್ಕಾ,” ಎಂದೆ.

ಬಸ್ಸಿನಲ್ಲಿ ಬರುವಾಗ ಅವರು ಒಂದು ಕೆಲಸ ಹೇಳಿದರು. ಹೊಸ ಪುಸ್ತಕಗಳನ್ನು ಮೂರರಿಂದ ಐದರವರೆಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಬೇಕು. “ಕಿವಿ ಚೆನ್ನಾಗೈತೆ ನಂಗೆ. ಒಂದ್ಸಲ ಕೇಳುದ್ರೆ ಬುಡಲ್ಲ. ಈ ಸಲ ಮಾರ್ಚ್ ತನಕ ಕಾಯಾದು ಬ್ಯಾಡ, ಜೂನಿಂದ್ಲೇ ಕೂರ್ಸಾಣ ಮಕ್ಳನ್ನ.”

ಮೇ ತಿಂಗಳ ಬಿಸಿಲಿನಲ್ಲಿ ದಿನವೂ ಬೆಳಿಗ್ಗೆ ಹೋಗಿ ಓದಿದೆ. ನಾನು ಒಂದು ಸಾಲು ಹೇಳುತ್ತಿದ್ದೆ, ಅವರು ರಾಟೆ ತಿರುಗಿಸುತ್ತಾ ಮತ್ತೆ ಹೇಳುತ್ತಿದ್ದರು. ನೂಲು ಹರಿದರೆ ಬೆರಳಿನಿಂದಲೇ ಹುಡುಕಿ ಗಂಟು ಹಾಕುತ್ತಿದ್ದರು. ಚಿತ್ರ ಬಂದಾಗ ಏನಿದೆ ಎಂದು ಕೇಳುತ್ತಿದ್ದರು. ಎಡಗಡೆ ಏನು, ಬಲಗಡೆ ಏನು, ಹುಡುಗಿಯ ಕೈಯಲ್ಲಿ ಏನು ಎಂದು ಬಿಡಿಸಿ ಬಿಡಿಸಿ ಕೇಳುತ್ತಿದ್ದರು. ನಾನು ಪಾಠ ಮಾಡುವ ಪುಸ್ತಕದಲ್ಲಿ ಅಷ್ಟೆಲ್ಲ ಚಿತ್ರಗಳಿದ್ದುದು ನನಗೇ ಆಗ ಗೊತ್ತಾದದ್ದು. ಶಾಲೆ ತೆರೆಯುವ ಹೊತ್ತಿಗೆ ಮೂರು ತರಗತಿಯ ಪುಸ್ತಕಗಳೂ ಅವರ ನಾಲಿಗೆಯ ಮೇಲಿದ್ದವು. ಎಷ್ಟನೇ ಪುಟ ಎಂದರೆ ಹೇಳುತ್ತಿದ್ದರು. ನಾನು ನೋಡಿದ ಟೀಚರುಗಳಲ್ಲಿ ಒಬ್ಬರಿಗೂ ಅಷ್ಟು ಬರುತ್ತಿರಲಿಲ್ಲ. ನನಗಂತೂ ಇಲ್ಲ.

ಜೂನಿನ ಮೊದಲ ಭಾನುವಾರ ಅವರ ಗಂಡ ಮನೆಮನೆಗೂ ಹೋಗಿ ಹೇಳಿ ಬಂದರು. ಆ ಮನುಷ್ಯ ಬೀದಿಯಲ್ಲಿ ಅಷ್ಟು ಮಾತಾಡಿದ್ದನ್ನು ಯಾರೂ ನೋಡಿರಲಿಲ್ಲ. ಅಕ್ಕ ಚಾಪೆಗಳನ್ನು ಕೊಡವಿ ಹಾಸಿ, ತಲೆ ಬಾಚಿಕೊಂಡು, ಗೋಡೆಗೊರಗಿ ಕೂತರು.

ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ.

ನಾನು ನಾಲ್ಕು ಮನೆಗೆ ಹೋಗಿ ಕೇಳಿದೆ. “ಅಕ್ಕನ ಮ್ಯಾಲೆ ಕೋಪ ಏನಿಲ್ಲ ಟೀಚರ್,” ಎಂದರು ಎಲ್ಲರೂ. ಅದು ನಿಜವೇ ಇತ್ತು. ಮೇನ್ ರೋಡಿನಲ್ಲಿ ಒಂದು ಟ್ಯೂಷನ್ ಸೆಂಟರ್ ತೆರೆದಿದ್ದರು. “ಅಲ್ಲಿ ಬೋರ್ಡು ಐತೆ, ಫ್ಯಾನು ಐತೆ. ಮಕ್ಳೂ ಅಲ್ಗೇ ಓಯ್ತೀವಿ ಅಂತವೆ.” ಅಲ್ಲಿ ಹೇಳಿಕೊಡುತ್ತಿದ್ದ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ. ಮಕ್ಕಳು ನೋಟ್ಸನ್ನು ನೋಡಿಕೊಂಡು ಬರೆದು ಮನೆಗೆ ಬರುತ್ತಿದ್ದರು. ಅಕ್ಕನ ಹೊಸ ಪಾಠದ ಬಗ್ಗೆ ನಾನು ಹೇಳಿದಾಗ ಒಬ್ಬ ತಾಯಿ ಕನಿಕರದಿಂದ, “ಪಾವಂ,” ಎಂದಳು. ಪಾಪ ಎಂದು. ಅಷ್ಟೆ.

ಎಂಟು ದಿನ ಅಕ್ಕ ಚಾಪೆ ಹಾಸಿದರು. ಒಂಬತ್ತನೆಯ ದಿನ ಸುತ್ತಿ ಒಳಗಿಟ್ಟರು. “ಓಗ್ಲಿ ಬುಡು. ಎಲ್ಲೋ ಒಂದು ಕಡೆ ಓದ್ಕತವಲ್ಲ,” ಎಂದರು. ಆಮೇಲೆ ಆಗಸ್ಟಿನಲ್ಲಿ ನಾನೇ ನಾಲ್ಕು ಮಕ್ಕಳನ್ನು ಹಿಡಿದುಕೊಂಡು ಹೋಗಿ ಅವರ ಪಕ್ಕದಲ್ಲಿ ಕೂತು ಓದಿಸಲು ನೋಡಿದೆ. ಶಾಲೆಯ ಟೀಚರ ಮುಂದೆ ಮಕ್ಕಳು ಬಾಯಿ ಬಿಡಲಿಲ್ಲ. ಅಕ್ಕ ಏನಾದರೂ ಕೇಳಿದರೆ ನನ್ನ ಮುಖ ನೋಡುತ್ತಿದ್ದರು. ಅಕ್ಕನಿಗೆ ಅದೂ ಹೇಗೋ ತಿಳಿಯಿತು. “ಬ್ಯಾಡ ಟೀಚರಮ್ಮಾ, ಅವ್ಕೆ ಯಾಕೆ ಇಂಸೆ,” ಎಂದು ಅವರೇ ನಿಲ್ಲಿಸಿದರು.

ಸುಧಾ ಸರ್ಕಾರಿ ಹೈಸ್ಕೂಲಿಗೆ ಸೇರಿದಳು. ಅವಳಿಗೆ ಅಕ್ಕನ ಮನೆಯ ಮುಂದಿನ ದಾರಿಯೇ ಹತ್ತಿರ, ಆದರೂ ಕೆರೆಯ ಕಡೆಯಿಂದ ಸುತ್ತಿಕೊಂಡು ಬಸ್ ಸ್ಟಾಪಿಗೆ ಬರುತ್ತಿದ್ದಳು. ಒಂದು ದಿನ ಎದುರಾದಾಗ, “ಎಂಗೆ ಓದ್ತಾ ಇದ್ದೀಯಾ?” ಎಂದು ಕೇಳಿದೆ. “ಪಡಿಕ್ಕಿರೇನ್ ಟೀಚರ್,” ಎಂದಳು, ಓದುತ್ತಿದ್ದೇನೆ ಎಂದು ತಮಿಳಿನಲ್ಲಿ, ನೆಲ ನೋಡುತ್ತಾ. ಅಕ್ಕನನ್ನು ನೋಡಿದೆಯಾ ಎಂದು ಕೇಳಬೇಕೆಂದಿದ್ದೆ. ಬಸ್ಸು ಬಂತು. ಆ ವರ್ಷ ಮುಗಿಯುವ ಮೊದಲೇ ಅವಳು ಶಾಲೆ ಬಿಟ್ಟು ಅಮ್ಮನ ಜೊತೆ ಶೆಡ್ಡಿಗೆ ಹೋಗತೊಡಗಿದಳು ಎಂದು ಕೇಳಿದೆ. ಅಕ್ಕನಿಗೆ ನಾನು ಅದನ್ನು ಹೇಳಲಿಲ್ಲ. ಹೇಳದೆ ಉಳಿಸಿಕೊಂಡದ್ದು ಅದು ಎರಡನೆಯದು. ಬೇರೆ ಯಾರೋ ಹೇಳಿದರಂತೆ. ಅವತ್ತು ಅಕ್ಕ ಊಟ ಮಾಡಲಿಲ್ಲವಂತೆ.

ಜನವರಿಯಲ್ಲಿ ಅವರ ಕಾಲ್ಬೆರಳಿಗೆ ಗಾಯವಾಯಿತು. ಜಗುಲಿಯ ಮೆಟ್ಟಿಲು ಎಡವಿದ್ದು. ಸಕ್ಕರೆ ಇದ್ದವರ ಗಾಯ, ಮಾಗಲಿಲ್ಲ. ಒಂದು ಬೆರಳು ತೆಗೆದರು, ಆಮೇಲೆ ಪಾದ ತೆಗೆಯಬೇಕೆಂದರು. ಅವರು ಒಪ್ಪಲಿಲ್ಲ. ನಾನು ಹೋದಾಗಲೆಲ್ಲ ಶಾಲೆಯ ವಿಷಯ ಕೇಳುತ್ತಿದ್ದರು, ಆದರೆ ಮೊದಲಿನ ಹಾಗಲ್ಲ. ದೂರದ ಊರಿನ ಮಳೆಬೆಳೆ ವಿಚಾರಿಸಿದಂತೆ ಕೇಳುತ್ತಿದ್ದರು. ಪುಸ್ತಕದ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಏಪ್ರಿಲಿನಲ್ಲಿ, ಮುಳು ಪರೀಕ್ಷೆ ಶುರುವಾಗುವ ಹಿಂದಿನ ದಿನ ಸಂಜೆ ತೀರಿಕೊಂಡರು.

ಬೆಳಿಗ್ಗೆ ಆರಕ್ಕೇ ಹೋದೆ. ಜಗುಲಿಯಲ್ಲೇ ಮಲಗಿಸಿದ್ದರು. ಅವರ ಗಂಡ ಒಳಗೆ ಮಗ್ಗದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ನನ್ನನ್ನು ಕಂಡು, “ಪರೀಕ್ಷೆ ಇವತ್ತಿಂದ ಅಲ್ವಾ?” ಎಂದರು. ಹೌದೆಂದೆ. ಹೆಡ್‌ಮಾಸ್ಟರು ಅಂದು ಆಫೀಸಿನ ಕೆಲಸಕ್ಕೆ ಹೋಗಬೇಕಿತ್ತು, ಶಾಲೆಯಲ್ಲಿ ನಾನೊಬ್ಬಳೇ. “ನೀನು ಓಗಮ್ಮಾ. ಅವ್ಳಾಗಿದ್ರೂ ಓಗು ಅಂತಿದ್ಲು,” ಎಂದರು. ಹಾಗೆ ಅನ್ನುತ್ತಿದ್ದರೇನೋ. ನನಗೆ ಖಚಿತವಿಲ್ಲ. ಆದರೂ ಹೋದೆ.

ಹತ್ತು ಗಂಟೆಗೆ ಪ್ರಶ್ನೆಪತ್ರಿಕೆ ಹಂಚಿದೆ. ಐದನೇ ತರಗತಿಯಲ್ಲಿ ನಮ್ಮ ಬೀದಿಯ ಏಳು ಮಕ್ಕಳಿದ್ದರು, ಎಲ್ಲರೂ ಎರಡು ವರ್ಷ ಅಕ್ಕನ ಜಗುಲಿಯಲ್ಲಿ ಕೂತವರು. ಹನ್ನೊಂದರ ಹೊತ್ತಿಗೆ ತಮಟೆ ಸದ್ದು ಕೇಳಿಸಿತು. ಮಸಣದ ದಾರಿ ಶಾಲೆಯ ಗೋಡೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಸದ್ದು ಹತ್ತಿರವಾದಂತೆ ಒಂದೊಂದೇ ಪೆನ್ನು ನಿಂತಿತು. ಕಿಟಕಿಯಾಚೆ ಗೋಡೆಯ ಮೇಲೆ ಚಟ್ಟದ ಹೂವಿನ ಚಪ್ಪರದ ತುದಿ ಮಾತ್ರ ಕಾಣುತ್ತಿತ್ತು.

ಮೂರನೇ ಸಾಲಿನ ಒಂದು ಹುಡುಗಿ ಕೈಯೆತ್ತಿದಳು. “ಟೀಚರ್, ನಾವು ಎದ್ದು ನಿಂತ್ಕಬೋದಾ?”

ಕೇಳುವವರು, ನೋಡುವವರು ಯಾರೂ ಇರಲಿಲ್ಲ. ಹೆಡ್‌ಮಾಸ್ಟರ ಕೋಣೆಗೆ ಬೀಗ ಹಾಕಿತ್ತು. ಒಂದು ನಿಮಿಷ ಎದ್ದು ನಿಂತರೆ ಯಾರ ಅಂಕವೂ ಕಡಿಮೆಯಾಗುತ್ತಿರಲಿಲ್ಲ. ಅಲ್ಲಿ ಅಂಕಗಳಿಗೆ ಬೆಲೆಯೇ ಇರಲಿಲ್ಲ.

ಆದರೂ ಟೀಚರ ರೂಢಿಯಲ್ಲಿ, “ಬೇಡ,” ಎಂದೆ. “ಕೂತು ಬರೀರಿ. ಹೊತ್ತಾಯ್ತದೆ.”

ಅವಳು ಕೈ ಇಳಿಸಿದಳು. ಏಳೂ ಜನ ತಲೆ ಬಗ್ಗಿಸಿದರು.